ಹನಿ ಎಣಿಸಿ ಹಚ್ರಿ: ಸಣ್ಣ ಬಾಟ್ಲಿ ಎಣ್ಣಿ ಮೈಯೊಳಗ ಹೆಂಗ ಇಳಿತೈತಿ, ಹೆಂಗ ಬಳಸ್ಬೇಕು

ನಮ್ಮ ಗಂಗಾವತಿ ಕಡೆ ಎಣ್ಣಿ ಅಂದ್ರ ಎರಡು ಥರ. ಒಂದು ಅಡಿಗಿ ಮನ್ಯಾಗಿಂದು, ಶೇಂಗಾ ಎಣ್ಣಿ ಕುಸುಬಿ ಎಣ್ಣಿ. ಇನ್ನೊಂದು ಭತ್ತದ ಗದ್ದಿಗೆ ಹೊಡಿಯೋ ಎಣ್ಣಿ, ಅಂದ್ರ ಕೀಟನಾಶಕ. ಆ ಎರಡನೇದನ್ನ ಬರಿಗೈಲೆ ಮುಟ್ಟಬಾರ್ದು ಅಂತ ಸಣ್ಣ ಹುಡುಗರಿಗೂ ಗೊತ್ತು, ಯಾಕಂದ್ರ ಪಂಪ್ ಸೋರಿ ಬೆನ್ನೆಲ್ಲಾ ತೊಯ್ದು ಸಂಜಿ ಹೊತ್ತಿಗೆ ತಲಿ ತಿರುಗಿ ವಾಂತಿ ಮಾಡ್ಕೊಂಡೋರು ಪ್ರತಿ ಊರಾಗೂ ಅದಾರ, ಒಂದು ಹನಿ ಬಾಯಿಗೆ ಹೋಗಿರಂಗಿಲ್ಲ, ಎಲ್ಲಾ ಚರ್ಮದಿಂದ, ಉಸಿರಿನಿಂದ ಒಳಗ ಇಳಿದಿರ್ತೈತಿ. ಈಗ ಮೂರನೇ ಎಣ್ಣಿ ಮನಿಗೆ ಬಂದೈತಿ. ನೀಲಗಿರಿ, ಲವಂಗ, ಲ್ಯಾವೆಂಡರ್, ಪುದೀನಾ, ಟೀ ಟ್ರೀ ಅಂತ 10 ಎಂ.ಎಲ್ ಸಣ್ಣ ಬಾಟ್ಲಿ, ಎಸೆನ್ಶಿಯಲ್ ಆಯಿಲ್ ಅಂತಾರ. ಇದನ್ನ ಮಂದಿ ಮೊದಲನೇ ಥರದ ಎಣ್ಣಿ ಅಂತ ತಿಳ್ಕೊಂಡು ಅಂಗೈಗೆ ಸುರುವಿ ತಿಕ್ಕೊಂತಾರ. ಇದು ಗದ್ದಿಗೆ ಹೊಡಿಯೋ ಎಣ್ಣಿಯಂಥ ವಿಷ ಅಲ್ಲ, ಖರೆ. ಆದ್ರ ಮೈಯೊಳಗ ಹೋಗೋ ರೀತಿ ನೋಡಿದ್ರ ಇದು ಅಡಿಗಿ ಎಣ್ಣಿಗಿಂತ ಆ ಎರಡನೇದಕ್ಕ ಹತ್ರ ಐತಿ.

ನಾನು 11 ವರ್ಷದಿಂದ ಮೆಡಿಕಲ್ ಶಾಪ್ ಕೌಂಟರ್ ಹಿಂದ ನಿಂತೋನು. ಇದನ್ನ ಬರೀಬೇಕು ಅಂತ ಅನ್ಸಿದ್ದು ಮಾತ್ರ ಅಂಗಡಿಯಿಂದಲ್ಲ, ನಮ್ಮ ಮನಿಯಿಂದನ. ಹೋದ ಚಳಿಗಾಲದಾಗ ಅಕ್ಕನ ಮಗನಿಗೆ ನೆಗಡಿ, ಕೂಸಿಗೆ ಆವಾಗ 14 ತಿಂಗಳು, ಮೂಗು ಕಟ್ಟಿ ರಾತ್ರಿ ಎಲ್ಲಾ ಅಳಾಕ ಹತ್ತಿತ್ತು. ನಮ್ಮವ್ವ ಕರ್ಪೂರ ಕರಗಿಸಿದ ಎಣ್ಣಿ ಎದಿಗೆ ತಿಕ್ಕಿ, ಮ್ಯಾಲೆ ನೀಲಗಿರಿ ಎಣ್ಣಿ ನಾಕು ಹನಿ ಬಟ್ಟಿಗೆ ಹಾಕಿ ಮೂಗಿನ ಹತ್ರ ಇಟ್ಟು, ಉಲ್ಲನ್ ಸ್ವೆಟರ್ ಹಾಕಿ ಗಟ್ಟಿಯಾಗಿ ಸುತ್ತಿ ಮಲಗಿಸಿದ್ಲು. ಅರ್ಧ ತಾಸಿನ್ಯಾಗ ಕೂಸು ಉಸಿರಿಗೆ ಒದ್ದಾಡಾಕ ಹತ್ತಿತು, ಆಮ್ಯಾಲೆ ಕಣ್ಣು ಮುಚ್ಚಿ ಮಂಕಾಗಿ ಬಿಡ್ತು, ಎಬ್ಬಿಸಿದ್ರೂ ಸರಿಯಾಗಿ ಏಳಲಿಲ್ಲ. ಆಸ್ಪತ್ರಿಗೆ ಓಡಿದ್ವಿ. ಬಟ್ಟಿ ಬಿಚ್ಚಿ ಮೈ ತೊಳೆದು ಒಂದು ರಾತ್ರಿ ಇಟ್ಕೊಂಡ್ರು, ದೇವರ ದಯೆಯಿಂದ ಹುಡುಗ ಈಗ ಆರಾಮ ಅದಾನ. ನಮ್ಮವ್ವ ಪ್ರೀತಿಲೆ ಮಾಡಿದ್ಲು, ಅಕಿಗೆ ಅಕಿ ಅತ್ತಿ ಹೇಳಿಕೊಟ್ಟಿದ್ದು ಅದನ್ನ. ಗೊತ್ತಿದ್ದ ನಾನು ಮೊದಲ ಹೇಳಿರಲಿಲ್ಲ, ಅದಕ್ಕ ಈಗ ಹೇಳಾಕತ್ತೀನಿ.

ಮೊದಲು ಇದು ಎಂಥ ಎಣ್ಣಿ ಅಂತ ಕಣ್ಣಿಲೆ ನೋಡ್ಕೊಳ್ರಿ. ಒಂದು ಬಿಳಿ ಹಾಳಿ ತಗೊಂಡು ಒಂದು ಕಡೆ ಶೇಂಗಾ ಎಣ್ಣಿ ಒಂದು ಹನಿ, ಇನ್ನೊಂದು ಕಡೆ ನೀಲಗಿರಿ ಎಣ್ಣಿ ಒಂದು ಹನಿ ಬಿಡ್ರಿ, ಮರುದಿನ ನೋಡ್ರಿ. ಶೇಂಗಾ ಎಣ್ಣಿ ಜಿಡ್ಡು ಹಂಗ ಕುಂತಿರ್ತೈತಿ, ನೀಲಗಿರಿದು ಹಾರಿ ಹೋಗಿರ್ತೈತಿ. ಜಿಡ್ಡಿನ ಕಲೆ ಉಳೀತು ಅಂದ್ರ ಅದಕ್ಕ ಬ್ಯಾರೆ ಎಣ್ಣಿ ಬೆರೆಸ್ಯಾರ ಅಂತ ಸಂಶಯ ಪಡಬೋದು (ಲಾವಂಚ, ಗಂಧದಂಥ ದಪ್ಪ ಎಣ್ಣಿ ಒಳ್ಳೇದಿದ್ರೂ ಸ್ವಲ್ಪ ಕಲೆ ಬಿಡ್ತಾವು, ಅವಕ್ಕ ಈ ಪರೀಕ್ಷೆ ನಡಿಯಂಗಿಲ್ಲ). ಅಡಿಗಿ ಎಣ್ಣಿ ಕಣ ದೊಡ್ಡದು, ಭಾರ. ಗಿಡದ ಎಲಿ, ಹೂವು, ತೊಗಟಿಗೆ ಹಬೆ ಹಾಯಿಸಿ ಇಳಿಸಿದ ಈ ಎಣ್ಣಿ ಕಣ ಭಾಳ ಸಣ್ಣವು, ಹಗುರ. ಪುದೀನಾದಾಗಿನ ಮೆಂಥಾಲ್ ಕಣದ ತೂಕ (ಡಾಲ್ಟನ್ ಅನ್ನೋ ಅತಿ ಸಣ್ಣ ಅಳತಿಯೊಳಗ) 156, ಲವಂಗದ ಯೂಜಿನಾಲ್ 164. ಚರ್ಮ ದಾಟಬೇಕಂದ್ರ ಕಣದ ತೂಕ ಸುಮಾರು 500ರ ಒಳಗಿರ್ಬೇಕು ಅಂತ ಔಷಧ ಮಾಡೋರು ಲೆಕ್ಕ ಇಟ್ಕೊಂಡಾರ. ಶೇಂಗಾ ಎಣ್ಣಿ ಕಣ 850ರ ಮ್ಯಾಲೆ, ಅದು ಮ್ಯಾಲೇ ಕುಂತು ಚರ್ಮ ಮೆತ್ತಗ ಮಾಡ್ತೈತಿ. ಇವು ಸಲೀಸಾಗಿ ನುಗ್ತಾವು. ಮ್ಯಾಲಾಗಿ ನಮ್ಮ ಚರ್ಮದ ಮ್ಯಾಲಿನ ಪದರ ಅಂದ್ರ ಸತ್ತ ಜೀವಕೋಶ, ಅವುಗಳ ನಡುವಿನ ಸಂದಿಯೊಳಗ ಕೊಬ್ಬು, ಗ್ವಾಡಿ ಇಟ್ಟಂಗಿಗೆ ನಡುವ ಸಿಮೆಂಟ್ ಇದ್ದಂಗ. ನೀರು ಆ ಕೊಬ್ಬಿನಾಗ ಹೋಗಂಗಿಲ್ಲ, ಇಂಥ ಸಣ್ಣ ಕಣದ ಎಣ್ಣಿ ಹೋಗ್ತೈತಿ.

ಹಂಗಂತ ಹಚ್ಚಿದ್ದೆಲ್ಲಾ ಒಳಗ ಹೋಗ್ತೈತಿ ಅಂತಲ್ಲ. ಬಯಲಾಗಿದ್ದ ಚರ್ಮದ ಮ್ಯಾಲೆ ಹಚ್ಚಿದ್ರ ಬಾಳಷ್ಟು ಗಾಳಿಗೆ ಹಾರಿ ಹೋಗ್ತೈತಿ, ಸ್ವಲ್ಪ ಮಾತ್ರ ಒಳಗ ಇಳಿತೈತಿ. 1992ರಾಗ ಪ್ರಕಟ ಆದ ಒಂದು ಪರೀಕ್ಷೆಯೊಳಗ ಲ್ಯಾವೆಂಡರ್ ಬೆರೆಸಿದ ಎಣ್ಣಿಲೆ ಹೊಟ್ಟಿ ಮ್ಯಾಲೆ 10 ನಿಮಿಷ ಮಾಲಿಶ್ ಮಾಡಿ ರಕ್ತ ತಗದು ನೋಡ್ಯಾರ, 5 ನಿಮಿಷಕ್ಕ ಅದರ ಅಂಶ ರಕ್ತದಾಗ ಕಂಡೈತಿ, ಸುಮಾರು 20 ನಿಮಿಷಕ್ಕ ಹೆಚ್ಚಿನ ಮಟ್ಟಕ್ಕ ಹೋಗಿ 90 ನಿಮಿಷದಾಗ ಬಹುತೇಕ ಇಳಿದು ಹೋಗೈತಿ. ಪ್ರಮಾಣ ಭಾಳ ಸಣ್ಣದು, ಆದ್ರ ಹೋಗಿದ್ದು ಖರೆ. ಒಳಗ ಹೋದದ್ದನ್ನ ಲಿವರ್ ಒಡೆದು ನೀರಿನ್ಯಾಗ ಕರಗೋ ಹಂಗ ಮಾಡ್ತೈತಿ, ಕಿಡ್ನಿ ಅದನ್ನ ಉಚ್ಚಿಯೊಳಗ ಹೊರಗ ಹಾಕ್ತೈತಿ, ಉಳಿದದ್ದು ಉಸಿರಿನಾಗೂ ಹೋಗ್ತೈತಿ. ಕೂಸುಗಳ ಲಿವರ್‌ಗೆ ಈ ಕೆಲಸ ಇನ್ನೂ ಪೂರ್ತಿ ಬರಂಗಿಲ್ಲ, ಅವರ ಮೈ ತೂಕಕ್ಕ ಹೋಲಿಸಿದ್ರ ಚರ್ಮ ಜಾಸ್ತಿ, ಅದಕ್ಕ ನಮಗ ಏನೂ ಆಗದ ಹನಿ ಅವಕ್ಕ ಹೆಚ್ಚಾಗ್ತೈತಿ.

ಈಗ ನಮ್ಮ ಮನಿ ಘಟನೆ ಮತ್ತ ನೆನಸ್ರಿ. ಹಚ್ಚಿ ಮ್ಯಾಲೆ ಸ್ವೆಟರ್ ಸುತ್ತಿದ್ವಿ. ಹಾರಿ ಹೋಗೋ ದಾರಿ ಮುಚ್ಚಿದಂಗಾತು, ಹಾರಬೇಕಾಗಿದ್ದು ಒಳಗ ಇಳೀತು. ಬಿಸಿ ಇದ್ರ ಇನ್ನೂ ಜೋರು, ಚರ್ಮದಾಗ ರಕ್ತ ಓಡಾಟ ಹೆಚ್ಚಾಗಿ ಬ್ಯಾಗ ಎಳ್ಕೊಂತೈತಿ. ಅದಕ್ಕ ಮೊಣಕಾಲಿಗೆ ನೋವಿನ ಎಣ್ಣಿ ಹಚ್ಚಿ ಪ್ಲಾಸ್ಟಿಕ್ ಕವರ್ ಸುತ್ತಿ ಮ್ಯಾಲೆ ಬಿಸಿ ನೀರಿನ ಚೀಲ ಇಡೋ ಪದ್ಧತಿ ಬಿಡ್ರಿ, ಚರ್ಮ ಸುಟ್ಟ ಹಂಗ ಬೊಬ್ಬಿ ಬಂದಿದ್ದನ್ನ ಅಂಗಡ್ಯಾಗ ಎರಡು ಮೂರು ಸಲ ನೋಡೀನಿ. ಏಪ್ರಿಲ್ ಮೇದಾಗ ನಮ್ಮಲ್ಲಿ 40 ಡಿಗ್ರಿ ದಾಟ್ತೈತಿ, ಮೈ ಬೆವತಿರ್ತೈತಿ, ಆವಾಗ ಚಳಿಗಾಲದ ಅರ್ಧದಷ್ಟು ಹಚ್ಚಿದ್ರ ಸಾಕು.

ಎಲ್ಲಿ ಹಚ್ತೀರಿ ಅನ್ನೋದೂ ಲೆಕ್ಕಕ್ಕ ಬರ್ತೈತಿ. ಮುಖ, ಕುತ್ತಿಗಿ, ಕಂಕುಳ, ತೊಡಿ ಸಂದಿ ತೆಳು ಚರ್ಮ, ಬ್ಯಾಗ ಒಳಗ ಬಿಡ್ತೈತಿ. ಅಂಗಾಲು ಎಲ್ಲಕ್ಕಿಂತ ದಪ್ಪ. ಅಂಗಾಲಿಗೆ ಹಚ್ಚಿ ಕಾಲುಚೀಲ ಹಾಕ್ಕೊಂಡ್ರ ನೆಗಡಿ ಹೋಗ್ತೈತಿ ಅಂತ ಭಾಳ ಮಂದಿ ಹೇಳ್ತಾರ, ನಾನು ಇದನ್ನ ಒಪ್ಪಂಗಿಲ್ಲ, ಆ ವಾಸನಿ ಮೂಗಿಗೆ ಬಂದಿದ್ದಕ್ಕ ಹಗುರ ಅನ್ಸಿರ್ತೈತಿ ಅಷ್ಟ. ಆದ್ರ ಹಿಮ್ಮಡಿ ಒಡೆದಿದ್ರ ಮಾತು ಬ್ಯಾರೆ. ನಾಟಿ ಮಾಡಾಕ ದಿನಾ ಕೆಸರಿನ್ಯಾಗ ನಿಂತೋರ ಕಾಲಬೆರಳ ಸಂದಿ ಹುಣ್ಣಾಗಿರ್ತೈತಿ, ಹಿಮ್ಮಡಿ ಬಿರುಕು ಬಿಟ್ಟಿರ್ತೈತಿ, ಅಲ್ಲಿ ಗ್ವಾಡಿನ ಬಿದ್ದಂಗ, ಹಚ್ಚಿದ್ದು ನೇರ ಒಳಗ. ಹುಣ್ಣು, ಗಾಯ, ಇಸಬಿನ ಮ್ಯಾಲೆ ಈ ಎಣ್ಣಿ ಹಚ್ಚಬ್ಯಾಡ್ರಿ.

ಮೂಗಿನ ದಾರಿ

ಇದು ಎಲ್ಲಕ್ಕಿಂತ ಬ್ಯಾಗ ಕೆಲಸ ಮಾಡೋ ದಾರಿ, ಮತ್ತ ಒಂದಲ್ಲ, ಎರಡು ದಾರಿ. ವಾಸನಿ ಕಣ ಮೂಗಿನ ಮ್ಯಾಲ್ಗಡೆ ಇರೋ ನರದ ತುದಿಗೆ ಅಂಟ್ಕೊಂತಾವು, ಅಲ್ಲಿಂದ ಸುದ್ದಿ ಮೆದುಳಿಗೆ ಹೋಗ್ತೈತಿ. ಕಣ್ಣು, ಕಿವಿ ಸುದ್ದಿ ಮೊದಲು ಮೆದುಳಿನ ನಡುವಿನ ಒಂದು ಠಾಣೆಗೆ ಹೋಗಿ ಮುಂದ ಹೋಗ್ತೈತಿ, ವಾಸನಿ ಸುದ್ದಿ ಮಾತ್ರ ಅಲ್ಲಿ ನಿಲ್ಲದ ಭಯ, ಸಿಟ್ಟು, ನೆನಪು ಇರೋ ಜಾಗಕ್ಕ ಸೀದಾ ಮುಟ್ತೈತಿ. ಕೊಪ್ಪಳ ಗವಿಮಠದ ಜಾತ್ರಿಗೆ ಸಣ್ಣವರಿದ್ದಾಗ ಹೋದೋರು, ಇವತ್ತು ಎಲ್ಲ್ಯಾರ ಲೋಬಾನದ ಹೊಗಿ ಬಂದ ಕೂಡ್ಲೆ ಅಪ್ಪನ ಹೆಗಲ ಮ್ಯಾಲೆ ಕುಂತಿದ್ದು ನೆನಪಾಗ್ತೈತಿ ಅಂತಾರಲ್ಲ, ಅದಕ್ಕ ಕಾರಣ ಇದ. ಮೂಗಿನ ನರದಾಗ ವಾಸನಿ ಹಿಡಿಯೋ ಕೊಂಡಿಗಳನ್ನ ಹುಡುಕಿದ್ದಕ್ಕ ರಿಚರ್ಡ್ ಆಕ್ಸೆಲ್ ಮತ್ತ ಲಿಂಡಾ ಬಕ್ ಅವರಿಗೆ 2004ರಾಗ ನೊಬೆಲ್ ಬಂತು. ಲ್ಯಾವೆಂಡರ್ ವಾಸನಿಲೆ ಮನಸ್ಸು ಸ್ವಲ್ಪ ಶಾಂತ ಅನ್ಸೋದು ಸುಳ್ಳಲ್ಲ, ಆದ್ರ ಅದು ಬಿಪಿ ಮಾತ್ರಿ ಜಾಗಕ್ಕ ಬರಂಗಿಲ್ಲ, ನಿದ್ದಿ ಮಾತ್ರಿ ಜಾಗಕ್ಕೂ ಬರಂಗಿಲ್ಲ.

ಎರಡನೇ ದಾರಿ ಪುಪ್ಪುಸ. ಉಸಿರಿನ ಕೂಡ ಹೋದ ಕಣ ಪುಪ್ಪುಸದ ತೆಳು ಪೊರೆ ದಾಟಿ ಸೀದಾ ರಕ್ತಕ್ಕ. ಕೋಣಿ ಬಾಗಿಲು ಹಾಕಿ ರಾತ್ರಿ ಎಲ್ಲಾ ಡಿಫ್ಯೂಸರ್ (ನೀರಿಗೆ ಎಣ್ಣಿ ಹನಿ ಹಾಕಿ ವಾಸನಿ ಕೋಣಿಗೆ ಹರಡೋ ಯಂತ್ರ) ಹಚ್ಚಿಟ್ರ ರಾತ್ರಿ ಎಲ್ಲಾ ಅದ ನಡೀತೈತಿ, ಬೆಳಿಗ್ಗಿ ತಲಿನೋವು. 100 ಎಂ.ಎಲ್ ನೀರಿಗೆ 3 ಹನಿ, ಕಿಟಕಿ ಸ್ವಲ್ಪ ತೆರೆದಿರ್ಲಿ, ಅರ್ಧ ತಾಸಿಗೆ ಬಂದ್ ಮಾಡ್ರಿ. ಬೇಸಿಗ್ಯಾಗ ಕೂಲರ್ ನೀರಿಗೆ ಸುರುವೋರು ಅದಾರ, ಅದು ಎಷ್ಟು ಹೋಗ್ತೈತಿ ಅಂತ ಅಳತಿನ ಇರಂಗಿಲ್ಲ, ಬ್ಯಾಡ್ರಿ. ಮನ್ಯಾಗ ದಮ್ಮು (ಅಸ್ತಮಾ) ಇದ್ದೋರು ಇದ್ರ ಡಿಫ್ಯೂಸರ್ ಬ್ಯಾಡವೇ ಬ್ಯಾಡ, ಬಳ್ಳಾರಿ, ತೋರಣಗಲ್, ಶಕ್ತಿನಗರ ಕಡೆ ಮೊದಲ ಧೂಳು ಬೂದಿ ಕುಡ್ಕೊಂಡು ಕೆಮ್ಮೋ ಪುಪ್ಪುಸಕ್ಕ ಇದೊಂದು ಹೆಚ್ಚಿನ ಕೆರಳಿಕಿ ಆಗ್ತೈತಿ. ಬೆಕ್ಕು ಸಾಕಿದ್ರೂ ಬ್ಯಾಡ, ಬೆಕ್ಕಿನ ಲಿವರ್‌ಗೆ ಈ ಎಣ್ಣಿ ಒಡಿಯೋ ಶಕ್ತಿ ಭಾಳ ಕಡಿಮಿ, ಟೀ ಟ್ರೀ ಅಂತೂ ಅದಕ್ಕ ವಿಷ.

ಹಬೆ ತಗೊಳ್ಳೋದು ಹೆಂಗಂದ್ರ, ನೀರು ಕುದಿಸಿ ಒಲಿಯಿಂದ ಇಳಿಸಿ, ಅಲ್ಲಾಡದ ಜಾಗದಾಗ ಪಾತ್ರಿ ಇಟ್ಟು ಒಂದು ನಿಮಿಷ ಬಿಡ್ರಿ. ನೀಲಗಿರಿ 2 ಹನಿ, ಹೆಚ್ಚಂದ್ರ 3. ಕಣ್ಣು ಮುಚ್ರಿ, ಇಲ್ಲಾಂದ್ರ ಉರಿತಾವು. ಒಂದು ಗೇಣಿಗಿಂತ ಹೆಚ್ಚು ದೂರದಿಂದ 5 ನಿಮಿಷ ಉಸಿರಾಡಿ ಸಾಕು ಮಾಡ್ರಿ. ಸಣ್ಣ ಹುಡುಗರನ್ನ ಚಾದರದೊಳಗ ಕೂಡಿಸಬ್ಯಾಡ್ರಿ, ಬಿಸಿನೀರು ಉಳ್ಳಿ ಮೈ ಸುಟ್ಕೊಂಡ ಹುಡುಗರ ಸಂಖ್ಯೆ ಕಡಿಮಿ ಇಲ್ಲ.

ಇಲ್ಲೊಂದು ಮಾತು, ಇದು ನನಗ ಓದಿದಾಗ ಭಾಳ ಆಶ್ಚರ್ಯ ಆಗಿತ್ತು. ಮೆಂಥಾಲ್ ಮೂಸಿದ್ರ ಮೂಗು ತೆರೀತು ಅನ್ಸ್ತೈತಲ್ಲ, ಮೂಗಿನ ಗಾಳಿ ದಾರಿ ಅಳತಿ ಮಾಡಿದ್ರ ಅದು ಮೊದಲಿನಷ್ಟ ಕಟ್ಟಿರ್ತೈತಿ. ನಮ್ಮ ನರದಾಗ ಥಂಡಿ ಗುರ್ತು ಹಿಡಿಯೋ ಒಂದು ಬಾಗಿಲು ಐತಿ, ಮೆಂಥಾಲ್ ಹೋಗಿ ಆ ಬಾಗಿಲು ತೆರೀತೈತಿ, ಮೆದುಳು ತಂಪು ಗಾಳಿ ಬರಾಕತೈತಿ ಅಂತ ತಿಳ್ಕೊಂತೈತಿ. ಮೆಣಸಿನಕಾಯಿ ತಿಂದಾಗ ಬಾಯಿ ಸುಡದಿದ್ರೂ ಸುಟ್ಟಂಗ ಆಗ್ತೈತಲ್ಲ, ಅದು ಪಕ್ಕದ ಬಿಸಿ ಬಾಗಿಲು. ಈ ಬಾಗಿಲುಗಳ ಕೆಲಸಕ್ಕ ಡೇವಿಡ್ ಜೂಲಿಯಸ್ ಮತ್ತ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್. ಬಾಮ್ ಹಚ್ಚಿದಾಗ ತಂಪಾಗೋದು, ನೋವು ಮರ್ತಂಗ ಆಗೋದು ಬಹುಪಾಲು ಇದ. ಸಮಾಧಾನ ಆಗ್ತೈತಿ ಅದು ಸುಳ್ಳಲ್ಲ, ಆದ್ರ ಒಳಗಿನ ರೋಗ ಹೋಗಿರಂಗಿಲ್ಲ, ಆರಾಮಾತು ಅಂತ ಕಫ ಕಟ್ಟಿದ ಎದಿಯನ್ನ ವಾರಗಟ್ಲೆ ಮನ್ಯಾಗ ಇಟ್ಕೊಂಡು ಕುಂಡ್ರಬ್ಯಾಡ್ರಿ.

ಎರಡು ವರ್ಷದೊಳಗಿನ ಕೂಸಿಗೆ ಮೆಂಥಾಲ್, ಕರ್ಪೂರ, ನೀಲಗಿರಿ ಯಾವುದೂ ಬ್ಯಾಡ. ಮೂಗಿನ ಹತ್ರ ಇಟ್ರ ಗಂಟಲ ಒಳಗಿನ ಉಸಿರಿನ ದಾರಿ ಗಪ್ಪನ ಮುಚ್ಕೊಳ್ಳೋ ಅಪಾಯ ಐತಿ. ಕರ್ಪೂರ ಹೊಟ್ಟಿಗೆ ಹೋದ್ರಂತೂ ಕೆಲವು ನಿಮಿಷದಾಗ ಫಿಟ್ಸ್ ಬರ್ತೈತಿ, ಒಂದು ಗ್ರಾಂ ಸಾಕು ಸಣ್ಣ ಕೂಸಿನ ಜೀವಕ್ಕ ಅಪಾಯ ಆಗಾಕ. ಪೂಜಿ ಕರ್ಪೂರದ ಡಬ್ಬಿ ದೇವರ ಮನಿ ಕೆಳಗಿನ ಕಟ್ಟಿ ಮ್ಯಾಲೆ ಇಡೋ ಮನಿ ಎಷ್ಟೋ ಅದಾವು, ಇವತ್ತ ಎತ್ತಿ ಮ್ಯಾಲೆ ಇಡ್ರಿ, ಕೂಸು ಕಲ್ಲುಸಕ್ರಿ ಅಂತ ಬಾಯಿಗೆ ಹಾಕ್ಕೊಂತೈತಿ. ದೊಡ್ಡವರಾಗೂ ಫಿಟ್ಸ್ ಇದ್ದೋರು ಕರ್ಪೂರ, ನೀಲಗಿರಿ ಇರೋ ಎಣ್ಣಿ, ಬಾಮ್‌ನಿಂದ ದೂರ ಇರ್ರಿ, ಇದರಿಂದ ಫಿಟ್ಸ್ ಬಂದದ್ದನ್ನ ಬೆಂಗಳೂರಿನ ನರರೋಗದ ಡಾಕ್ಟ್ರು ದಾಖಲೆ ಮಾಡ್ಯಾರ. ಕೂಸಿಗೆ ಎಣ್ಣಿ ಹಚ್ಚಿ ಎರಿಯೋದು ನಮ್ಮ ಕಡೆ ಚಂದದ ಪದ್ಧತಿ, ಅದನ್ನ ಬಿಡ್ರಿ ಅಂತ ನಾ ಹೇಳಂಗಿಲ್ಲ, ಬರೇ ಕೊಬ್ಬರಿ ಎಣ್ಣಿ ಹಚ್ಚಿ ಎರೀರಿ, ವಾಸನಿ ಎಣ್ಣಿ ಬೆರೆಸಬ್ಯಾಡ್ರಿ ಅಷ್ಟ.

ಹಚ್ಚೋ ಲೆಕ್ಕ

ದೊಡ್ಡವರಿಗೆ ಮೈಗೆ ಹಚ್ಚೋದಂದ್ರ ಯಾವಾಗ್ಲೂ ಬ್ಯಾರೆ ಎಣ್ಣಿಯೊಳಗ ಬೆರೆಸಿ. ಎಳ್ಳೆಣ್ಣಿ, ಕೊಬ್ಬರಿ ಎಣ್ಣಿ ಇಲ್ಲಾ ನಮ್ಮ ಹೊಲದ ಕುಸುಬಿ ಎಣ್ಣಿ, ಗಾಣದ್ದು ಸಿಕ್ರ ಇನ್ನೂ ಚಲೋ. ಸುಮಾರು 20 ಹನಿ ಸೇರಿದ್ರ ಒಂದು ಎಂ.ಎಲ್. ಅಂದ್ರ 30 ಎಂ.ಎಲ್ ಎಣ್ಣಿಗೆ 6 ಹನಿ ಹಾಕಿದ್ರ ನೂರಕ್ಕ ಒಂದು ಪಾಲು ಆಗ್ತೈತಿ, ಮುಖಕ್ಕ, ವಯಸ್ಸಾದೋರಿಗೆ ಅಷ್ಟ ಸಾಕು. ಬೆನ್ನು, ಕಾಲು ನೋವಿಗೆ 12 ಹನಿ. ಅದಕ್ಕಿಂತ ಹೆಚ್ಚು ಹಾಕಿದ್ರ ಗುಣ ಹೆಚ್ಚಾಗಂಗಿಲ್ಲ, ಉರಿ ಹೆಚ್ಚಾಗ್ತೈತಿ. 30 ಎಂ.ಎಲ್ ಅಳತಿ ಗೊತ್ತಾಗದಿದ್ರ ಖಾಲಿ ಸಿರಪ್ ಬಾಟ್ಲಿ ಮುಚ್ಚಳ ನೋಡ್ರಿ, 10 ಎಂ.ಎಲ್ ಗೆರಿ ಇರ್ತೈತಿ, ಮೂರು ಮುಚ್ಚಳ. ಬೆರೆಸಿದ್ದನ್ನ ಮೊದಲು ಮೊಣಕೈ ಒಳಗಡೆ ಒಂದು ಚೂರು ಹಚ್ಚಿ ಒಂದು ದಿನ ಬಿಡ್ರಿ, ಕೆಂಪಾಗಿ ಕಡಿತ ಬಂದ್ರ ಅದು ನಿಮಗಲ್ಲ.

ಬಕೀಟು ನೀರಿಗೆ ನೇರ ಹನಿ ಹಾಕಬ್ಯಾಡ್ರಿ. ನೀರಿನ್ಯಾಗ ಬೆರಿಯಂಗಿಲ್ಲ, ಮ್ಯಾಲೆ ತೇಲಿ ಅದ ಗಟ್ಟಿ ಹನಿ ಮೈಗೆ ಹತ್ತಿ, ಸೂಕ್ಷ್ಮ ಜಾಗದಾಗ ಉರಿ ತಡ್ಯಾಕಾಗಂಗಿಲ್ಲ. ನಿಂಬಿ ಸಿಪ್ಪಿಯಿಂದ ಹಿಂಡಿ ತಗದ ಎಣ್ಣಿ, ಬರ್ಗಮಾಟ್ ಅನ್ನೋ ನಿಂಬಿ ಜಾತಿ ಹಣ್ಣಿನ ಎಣ್ಣಿ ಹಚ್ಕೊಂಡು ಬಿಸಿಲಿಗೆ ಹೋಗಬ್ಯಾಡ್ರಿ, ಅದರಾಗಿನ ಒಂದು ಅಂಶ ಬಿಸಿಲು ತಾಕಿದ್ರ ಚರ್ಮ ಸುಡ್ತೈತಿ, ಕಪ್ಪು ಕಲೆ ತಿಂಗಳುಗಟ್ಲೆ ಉಳೀತೈತಿ. ರಾಯಚೂರು ಬಿಸಿಲಿನ್ಯಾಗ ಇದು ಸಣ್ಣ ಮಾತಲ್ಲ. ಹಚ್ಚಿದ ಮ್ಯಾಲೆ ಕನಿಷ್ಠ 12 ತಾಸು ಆ ಜಾಗಕ್ಕ ಬಿಸಿಲು ಬ್ಯಾಡ.

ಹಲ್ಲುನೋವಿಗೆ ಲವಂಗದ ಎಣ್ಣಿ ನಿಜವಾಗ್ಲೂ ಕೆಲಸ ಮಾಡ್ತೈತಿ, ಅದರಾಗಿನ ಯೂಜಿನಾಲ್ ನರವನ್ನ ಮರಗಟ್ಟಿಸ್ತೈತಿ, ಹಲ್ಲಿನ ಡಾಕ್ಟ್ರೂ ಜಿಂಕ್ ಆಕ್ಸೈಡ್ ಕೂಡ ಕಲಿಸಿ ತುಂಬಾಕ ಬಳಸ್ತಾರ. ಆದ್ರ ಬಾಟ್ಲಿಯಿಂದ ನೇರ ಹಚ್ಚಿದ್ರ ವಸಡು ಸುಟ್ಟು ಬಿಳಿ ಆಗ್ತೈತಿ. ಅರ್ಧ ಚಮಚೆ ಕೊಬ್ಬರಿ ಎಣ್ಣಿಗೆ ಒಂದು ಹನಿ, ಹತ್ತಿ ತುದಿಲೆ ಆ ಹಲ್ಲಿಗೆ ಮಾತ್ರ ಮುಟ್ಟಿಸಿ, ಜೊಲ್ಲು ಉಗುಳಿ, ಮರುದಿನ ಡಾಕ್ಟ್ರ ಹತ್ರ ಹೋಗ್ರಿ.

ನೋವಿನ ಎಣ್ಣಿಯೊಳಗ ವಿಂಟರ್‌ಗ್ರೀನ್ ಅಂತ ಬರ್ದಿದ್ರ, ಇಲ್ಲಾ ಮೀಥೈಲ್ ಸ್ಯಾಲಿಸಿಲೇಟ್ ಅಂತ ಇದ್ರ ಅದು ಆಸ್ಪಿರಿನ್ ಜಾತಿದು. ಶುದ್ಧ ವಿಂಟರ್‌ಗ್ರೀನ್ ಎಣ್ಣಿ ಒಂದು ಟೀ ಚಮಚೆ ಅಂದ್ರ 300 ಎಂ.ಜಿಯ 20ಕ್ಕಿಂತ ಹೆಚ್ಚು ಆಸ್ಪಿರಿನ್ ಮಾತ್ರಿ ನುಂಗಿದಂಗ. ಹಾರ್ಟ್ ಆಪರೇಶನ್ ಆಗಿ ವಾರ್ಫರಿನ್‌ನಂಥ ರಕ್ತ ತೆಳು ಮಾಡೋ ಮಾತ್ರಿ ತಗೊಳ್ಳೋರು ದಿನಾ ಮೈತುಂಬ ಇದನ್ನ ತಿಕ್ಕೊಂಡ್ರ ರಕ್ತಸ್ರಾವ ಆಗೋ ಅಪಾಯ ಐತಿ. ಇದನ್ನ ನಾನು ಪ್ರತಿ ಗಿರಾಕಿಗೂ ಕೇಳಿನ ಕೊಡ್ತೀನಿ, ನೀವೂ ಅಂಗಡ್ಯಾಗ ನಿಮ್ಮ ಮಾತ್ರಿ ಹೆಸರು ಹೇಳಿ ಕೇಳ್ರಿ. ಬಸುರಿ ಹೆಣ್ಮಕ್ಕಳು ಮೊದಲ ಮೂರು ತಿಂಗಳು ಯಾವುದೂ ಹಚ್ಕೋಬ್ಯಾಡ್ರಿ, ಆಮ್ಯಾಲೂ ಡಾಕ್ಟ್ರಿಗೆ ಕೇಳಿನ.

ಕುಡಿಯೋ ದಾರಿ ಬಗ್ಗೆ ಜಾಸ್ತಿ ಹೇಳಂಗಿಲ್ಲ, ಕುಡೀಬ್ಯಾಡ್ರಿ. ಬಿಸಿನೀರಿಗೆ ಎರಡು ಹನಿ ಲೆಮನ್‌ಗ್ರಾಸ್ ಹಾಕಿ ಕುಡದ್ರ ತೂಕ ಇಳೀತೈತಿ ಅಂತ ಹೇಳಿ ಮಾರೋರು ಊರಿಗೂ ಬರಾಕತ್ಯಾರ. ಎಣ್ಣಿ ನೀರಿನ್ಯಾಗ ಬೆರಿಯಂಗಿಲ್ಲ ಅಂತ ಮ್ಯಾಲೇ ಹೇಳೀನಿ, ಬಾಯಿ, ಗಂಟಲು, ಜಠರದ ಒಳಗ್ವಾಡಿಗೆ ಗಟ್ಟಿಯಾಗೇ ಹತ್ತೈತಿ. ಮಾತ್ರಿ ರೂಪದಾಗ ಬರ್ತೈತಲ್ಲ ಅಂತ ಕೇಳ್ತಾರ. ಹೌದು, ಹೊಟ್ಟಿ ಹಿಂಡೋ ಐಬಿಎಸ್ ರೋಗಕ್ಕ ಪುದೀನಾ ಎಣ್ಣಿ ಕ್ಯಾಪ್ಸೂಲ್ ಐತಿ, ಜಠರದಾಗ ಕರಗದ ಕರಳಿಗೆ ಹೋಗಿ ಕರಗೋ ಹಂಗ ಹೊದಿಕಿ ಹಾಕಿರ್ತಾರ, ಜರ್ಮನಿಯೊಳಗ ಆತಂಕಕ್ಕ 80 ಎಂ.ಜಿ ಲ್ಯಾವೆಂಡರ್ ಎಣ್ಣಿ ಕ್ಯಾಪ್ಸೂಲ್ ಐತಿ. ಅವು ಅಳತಿ ಮಾಡಿ ಪರೀಕ್ಷೆ ಮಾಡಿದ ಔಷಧ. ಬಾಟ್ಲಿ ಹನಿ ಅದಲ್ಲ.

ತಗೊಳ್ಳುವಾಗ, ಇಡುವಾಗ

ಲೇಬಲ್ ಮ್ಯಾಲೆ ಗಿಡದ ಶಾಸ್ತ್ರೀಯ ಹೆಸರು ಇರ್ಬೇಕು, ನೀಲಗಿರಿ ಅಂದ್ರ ಯೂಕಲಿಪ್ಟಸ್ ಗ್ಲೋಬುಲಸ್ ಹಿಂಗ. ಬರೇ ಫ್ರಾಗ್ರೆನ್ಸ್ ಆಯಿಲ್ ಅಂತಿದ್ರ ಅದು ಬರೇ ವಾಸನಿಗಂತ ಮಾಡಿದ ಎಣ್ಣಿ, ಕಾರಿಗೆ ಬಳಸ್ರಿ, ಮೈಗೆ ಬ್ಯಾಡ. ಕಪ್ಪು ಇಲ್ಲಾ ಕಂದು ಗಾಜಿನ ಬಾಟ್ಲಿ ಇರ್ಬೇಕು. ನಮ್ಮ ಊರಾಗ ಇಡೋದ ದೊಡ್ಡ ಕೆಲಸ, ಪತ್ರಾಸಿನ ಮನ್ಯಾಗ ಮೇ ತಿಂಗಳ ಮಧ್ಯಾಹ್ನ ಬಾಟ್ಲಿ ಬೆಚ್ಚಗಾಗಿರ್ತೈತಿ. ಬಿಸಿ, ಬೆಳಕು, ಗಾಳಿ ಮೂರೂ ಸೇರಿದ್ರ ಲ್ಯಾವೆಂಡರ್, ನಿಂಬಿ, ಟೀ ಟ್ರೀ ಎಣ್ಣಿ ಕೆಟ್ಟು ಅವುಗಳ ಅಂಶ ಬ್ಯಾರೆ ರೂಪಕ್ಕ ತಿರಗ್ತಾವು, ಅದ ಚರ್ಮಕ್ಕ ಅಲರ್ಜಿ ತರೋದು. ಹೋದ ವರ್ಷ ಹಚ್ಚಿದಾಗ ಏನೂ ಆಗಿರಲಿಲ್ಲ, ಈ ಸಲ ಯಾಕ ಕಡಿತ ಅಂತ ಕೇಳಿದ್ರ ಬಹಳ ಸಲ ಉತ್ತರ ಇದ. ಮುಚ್ಚಳ ಗಟ್ಟಿ ಹಾಕಿ ಸ್ಟೀಲ್ ಡಬ್ಬಿಯೊಳಗ ಹಾಕಿ ಫ್ರಿಜ್ ಒಳಗಿನ ಮ್ಯಾಲಿನ ಗೂಡಿನ್ಯಾಗ, ಹುಡುಗರ ಕೈಗೆ ಸಿಗದಂಗ ಇಡ್ರಿ. ತೆರೆದ ದಿನ ಬಾಟ್ಲಿ ಮ್ಯಾಲೆ ಬರೀರಿ, ವರ್ಷ ದಾಟಿದ್ರ ಚೆಲ್ರಿ.

ಬೆರೆಸದ ಗಟ್ಟಿ ಎಣ್ಣಿ ಚರ್ಮಕ್ಕ ಬಿದ್ದು ಉರೀತಿದ್ರ ಮೊದಲು ಕೊಬ್ಬರಿ ಎಣ್ಣಿ ಹತ್ತಿಗೆ ಹಚ್ಚಿ ಒರಸ್ರಿ, ಆಮ್ಯಾಲೆ ಸೋಪು ನೀರು. ಕಣ್ಣಿಗೆ ಬಿದ್ರ ಸಾದಾ ನೀರು 15 ನಿಮಿಷ ಬಿಡದ ಹಾಕ್ರಿ, ಆಮ್ಯಾಲೆ ಡಾಕ್ಟ್ರು. ಕೂಸು ಕುಡಿದಿದ್ರ ವಾಂತಿ ಮಾಡಸಬ್ಯಾಡ್ರಿ, ಇದು ಹಗುರ ಎಣ್ಣಿ, ವಾಂತಿ ಹೊತ್ತಿಗೆ ಪುಪ್ಪುಸಕ್ಕ ಹೋದ್ರ ಇನ್ನೂ ಕಷ್ಟ. ಉಪ್ಪುನೀರು ಕುಡಸೋದೂ ಬ್ಯಾಡ. ಸೀದಾ 108ಕ್ಕ ಫೋನ್ ಹಚ್ಚಿ ಆಸ್ಪತ್ರಿಗೆ ನಡೀರಿ, ಕೂಸು ಆಡ್ಕೊಂತ ಇದ್ರೂ ಕಾಯಬ್ಯಾಡ್ರಿ, ಮತ್ತ ಆ ಬಾಟ್ಲಿ ಕೂಡ ಕಿಸೆದಾಗ ಹಾಕ್ಕೊಂಡು ಹೋಗ್ರಿ, ಯಾವ ಎಣ್ಣಿ, ಎಷ್ಟು ಉಳಿದೈತಿ ಅಂತ ಡಾಕ್ಟ್ರು ಮೊದಲು ಕೇಳೋದು ಅದನ್ನ.